ಮಿರ್ಚಿ ಬಂಡಿಯ ಪಕ್ಕದಲ್ಲಿ ಕೊರಿಯಾದ ಕಡುಬು



ಸಂಜೆ ಐದು ಗಂಟೆಯ ನಂತರ ರಾಯಚೂರಿನ ತೀನ್ ಕಂದೀಲ್ ಕಡೆಗೆ ಹೋದವರ ಮೂಗಿಗೆ ಮೊದಲು ತಾಗುವುದು ಕಾದ ಎಣ್ಣೆಯ ವಾಸನೆ. ಬಂಡಿಯ ಮೇಲೆ ದೊಡ್ಡ ಬಾಣಲೆ, ಅದರಲ್ಲಿ ತೇಲುವ ಮಿರ್ಚಿ, ಪಕ್ಕದಲ್ಲಿ ಗುಡ್ಡೆ ಹಾಕಿದ ಮಂಡಾಳು ವಗ್ಗರಣಿ. ಮಂಡಾಳನ್ನು ನೀರಿನಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಟೊಮೆಟೊ, ಹಸಿಮೆಣಸಿನಕಾಯಿ, ಅರಿಸಿನದ ಒಗ್ಗರಣೆಯಲ್ಲಿ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಲಿಂಬೆಹುಳಿ ಹಿಂಡಿ ಕಾಗದದ ಮೇಲೆ ಕೊಡುತ್ತಾರೆ. ಮಾನ್ವಿಯ ಬಸ್ ನಿಲ್ದಾಣದ ಬಳಿಯೂ ದೇವದುರ್ಗದ ಪೇಟೆಯಲ್ಲೂ ಸಂಜೆಯ ಊಟೋಪಚಾರ ಹೆಚ್ಚುಕಡಿಮೆ ಇದೇ. ಹೊಲದಿಂದ ಬಂದವನಿಗೂ ಕಚೇರಿಯಿಂದ ಬಂದವನಿಗೂ ಒಂದೇ ಬಂಡಿ, ಒಂದೇ ತಿನಿಸು.

ಇತ್ತೀಚಿನ ವರ್ಷಗಳಲ್ಲಿ ಈ ಊರುಗಳ ಹುಡುಗ ಹುಡುಗಿಯರ ಮೊಬೈಲಿನಲ್ಲಿ ಇನ್ನೊಂದು ಕೆಂಪು ತಿನಿಸು ಓಡಾಡುತ್ತಿದೆ. ಬೆರಳಿನ ಗಾತ್ರದ ಬಿಳಿಯ ಕಡುಬುಗಳು ರಕ್ತಗೆಂಪಿನ ಗೊಜ್ಜಿನಲ್ಲಿ ಕುದಿಯುತ್ತಿರುತ್ತವೆ. ಕೊರಿಯಾದ ಧಾರಾವಾಹಿಯ ನಾಯಕಿ ರಸ್ತೆಬದಿಯ ಡೇರೆಯಲ್ಲಿ ನಿಂತು ಅದನ್ನು ಕಡ್ಡಿಯಿಂದ ಚುಚ್ಚಿ ಬಾಯಿಗಿಡುತ್ತಾಳೆ. ಅದರ ಹೆಸರು ತೊಕ್‌ಬೊಕ್ಕಿ. ಬೆಂಗಳೂರು, ಹೈದರಾಬಾದುಗಳಿಗೆ ಓದಲು ಹೋದವರು ಅಲ್ಲಿನ ಕೊರಿಯನ್ ಹೊಟೇಲುಗಳಲ್ಲಿ ಅದರ ರುಚಿ ನೋಡಿ ಬರಬಹುದು. ಊರಿನಲ್ಲೇ ಉಳಿದವರು ಅಂಚೆ, ಕೊರಿಯರ್ ಮೂಲಕ ಪೊಟ್ಟಣ ತರಿಸಿ ಮನೆಯ ಒಲೆಯ ಮೇಲೆ ಪರೀಕ್ಷೆ ನಡೆಸಬಹುದು. ಇಂಥ ಹೊಸ ತಿನಿಸು ಅಡುಗೆಮನೆಗೆ ಬಂದಾಗ ಮನೆಯ ಹಿರಿಯರಿಂದ ಹೊರಡುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ನಮ್ಮ ಮಿರ್ಚಿ, ವಗ್ಗರಣಿ ಇರುವಾಗ ಈ ಪರದೇಶದ್ದು ಯಾಕೆ?

ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಕೊಡುವ ಮೊದಲು ಎರಡು ತಟ್ಟೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಬೇಕಾಗುತ್ತದೆ. ಯಾವುದು ನಮ್ಮದು, ಯಾವುದು ಪರದೇಶದ್ದು ಎಂಬ ಗೆರೆ ಅಷ್ಟು ಸುಲಭವಾಗಿ ಎಳೆಯಲು ಬರುವುದಿಲ್ಲ ಎಂಬುದು ಆಗ ಗೊತ್ತಾಗುತ್ತದೆ.

ಏನಿದು ತೊಕ್‌ಬೊಕ್ಕಿ?

ಕೊರಿಯಾದ ಭಾಷೆಯಲ್ಲಿ ‘ತೊಕ್’ ಎಂದರೆ ಅಕ್ಕಿಯ ಕಡುಬು. ‘ಬೊಕ್ಕಿ’ ಎಂದರೆ ಹುರಿದು ಬಾಡಿಸಿದ್ದು. ಅಕ್ಕಿಯನ್ನು ರಾತ್ರಿಯಿಡೀ ನೆನೆಸಿ, ಬಸಿದು, ಹಸಿಹಿಟ್ಟು ಮಾಡಿ, ಆವಿಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಕುಟ್ಟಿ ನಾದಿ ಉದ್ದನೆಯ ಹುರಿಯಂತೆ ಹೊಸೆಯುತ್ತಾರೆ. ಈಗ ಈ ಕೆಲಸವನ್ನು ಯಂತ್ರ ಮಾಡುತ್ತದೆ. ಇದೇ ಬಿಳಿಯ ಹುರಿಯನ್ನು ತೆಳ್ಳಗೆ ಕತ್ತರಿಸಿ ಸಾರಿನಲ್ಲಿ ಹಾಕಿ ಹೊಸ ವರ್ಷದ ಬೆಳಿಗ್ಗೆ ತಿನ್ನುವುದು ಕೊರಿಯಾದವರ ಸಂಪ್ರದಾಯ. ಉದ್ದನೆಯ ಕಡುಬು ದೀರ್ಘಾಯುಷ್ಯದ ಗುರುತು ಎಂದು ಅವರ ನಂಬಿಕೆ.

ಬೀದಿಯ ತೊಕ್‌ಬೊಕ್ಕಿಗೆ ಕೆಂಪು ಬಣ್ಣ ಕೊಡುವುದು ‘ಗೊಚುಜಾಂಗ್’ ಎಂಬ ಗೊಜ್ಜು. ಮೆಣಸಿನಪುಡಿ, ಅಂಟಕ್ಕಿ, ಹುದುಗು ಬಂದ ಸೋಯಾ ಅವರೆಯ ಪುಡಿ, ಮೊಳಕೆ ಬಾರ್ಲಿ, ಉಪ್ಪು ಇವುಗಳನ್ನು ಕಲಸಿ ಮಣ್ಣಿನ ಗಡಿಗೆಯಲ್ಲಿ ತಿಂಗಳುಗಟ್ಟಲೆ ಬಿಸಿಲಿಗಿಟ್ಟು ಹಣ್ಣು ಮಾಡುತ್ತಾರೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಕೆಂಪು ಹಸಿಮೆಣಸಿನಕಾಯಿಯನ್ನು ಉಪ್ಪು ಹುಳಿ ಹಾಕಿ ರುಬ್ಬಿ ಡಬ್ಬಿಯಲ್ಲಿಡುವ ರಂಜಕವನ್ನು ಬಲ್ಲವರಿಗೆ ಇದು ತೀರಾ ಹೊಸದಲ್ಲ. ರಂಜಕಕ್ಕೆ ಬೆಲ್ಲ ಬೆರೆಸಿ, ಅದಕ್ಕೆ ಹುದುಗಿದ ಕಾಳಿನ ಗಟ್ಟಿ ರುಚಿ ಸೇರಿಸಿದರೆ ಗೊಚುಜಾಂಗಿನ ಹತ್ತಿರಕ್ಕೆ ಬರುತ್ತದೆ.

ಮೊದಲ ತುತ್ತಿನಲ್ಲಿ ರಾಯಚೂರಿನ ನಾಲಗೆಗೆ ಎರಡು ವಿಷಯ ವಿಚಿತ್ರವೆನಿಸಬಹುದು. ಒಂದು, ಖಾರದ ಬೆನ್ನಿಗೇ ಬರುವ ಸಿಹಿ. ಮಿರ್ಚಿ ತಿಂದು ‘ಹಾ’ ಎಂದು ಬಾಯಿ ತೆರೆದವರಿಗೆ ಚಹಾದ ಸಿಹಿ ಆಮೇಲೆ ಬರಬೇಕು, ಖಾರದ ಒಳಗೇ ಅಲ್ಲ. ಇನ್ನೊಂದು, ಕಡುಬಿನ ಜಿಗಿ. ಹಲ್ಲು ಊರಿದರೆ ಹಿಂದಕ್ಕೆ ಎಳೆಯುತ್ತದೆ. ‘ಇನ್ನೂ ಬೆಂದಿಲ್ಲ’ ಎಂದು ತಟ್ಟೆ ಸರಿಸಿಬಿಡುವ ಸಂಭವವೂ ಉಂಟು. ಆದರೆ ಕೊರಿಯಾದಲ್ಲಿ ಕಡುಬಿನ ಗುಣ ಅಳೆಯುವುದೇ ಆ ಎಳೆತದಿಂದ.

ಯುದ್ಧದ ಬೆನ್ನಿಗೆ ಬಂದ ಕಾಯಿ

ಈಗ ಎರಡೂ ತಟ್ಟೆಗಳ ಖಾರದ ಮಾತು. ಮೆಣಸಿನಕಾಯಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. 1492ಕ್ಕೆ ಮೊದಲು ಕೊರಿಯಾದವರೂ ಅದನ್ನು ಕಂಡಿರಲಿಲ್ಲ, ಕನ್ನಡಿಗರೂ ಕಂಡಿರಲಿಲ್ಲ. ಅಲ್ಲಿಯವರೆಗೆ ನಮ್ಮ ಅಡುಗೆಯ ಖಾರವೆಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಮೆಣಸಿನ ಹಾಗೆ ಖಾರವಿರುವ ಕಾಯಿ ಎಂಬುದರಿಂದಲೇ ಹೊಸದಕ್ಕೆ ‘ಮೆಣಸಿನಕಾಯಿ’ ಎಂಬ ಹೆಸರು ಬಂತು.

ಭಾರತಕ್ಕೆ ಅದನ್ನು ತಂದವರು ಪೋರ್ಚುಗೀಸರು. ಅವರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಹತ್ತು ವರ್ಷದ ನಂತರ, 1520ರಲ್ಲಿ, ಅದೇ ಪೋರ್ಚುಗೀಸರ ಬಂದೂಕುಧಾರಿಗಳ ಒಂದು ತಂಡ ರಾಯಚೂರಿನ ಕೋಟೆಯ ಗೋಡೆಯ ಮುಂದೆ ಇತ್ತು ಎಂಬುದು ಇಲ್ಲಿ ನೆನಪಿಡತಕ್ಕ ಸಂಗತಿ. ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹಿಗೂ ನಡೆದ ರಾಯಚೂರು ಯುದ್ಧದಲ್ಲಿ ಕ್ರಿಸ್ತೊವಾಂವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನ ಗುಂಪು ವಿಜಯನಗರದ ಪರವಾಗಿ ಗುಂಡು ಹಾರಿಸಿತೆಂದು ಫೆರ್ನಾಂವ್ ನೂನಿಜ್ ತನ್ನ ವೃತ್ತಾಂತದಲ್ಲಿ ವಿವರವಾಗಿ ಬರೆದಿದ್ದಾನೆ. ಹೊಸ ಆಯುಧ, ಹೊಸ ವ್ಯಾಪಾರಿ, ಹೊಸ ಕಾಯಿ ಒಂದೇ ಶತಮಾನದಲ್ಲಿ ದಖ್ಖನಿಗೆ ಬಂದವು.

ಜನ ಈ ಕಾಯಿಯನ್ನು ಬಹುಬೇಗ ತಮ್ಮದಾಗಿಸಿಕೊಂಡರು. ಪುರಂದರದಾಸರದೆನ್ನುವ ಒಂದು ಪದದಲ್ಲಿಯೇ ಮೆಣಸಿನಕಾಯಿಯ ವರ್ಣನೆ ಇದೆಯೆಂದು ಭಾರತದ ಆಹಾರದ ಚರಿತ್ರೆ ಬರೆದ ಕೆ.ಟಿ. ಅಚಯ ಅವರು ಗುರುತಿಸಿದ್ದಾರೆ. ವಿಜಯದಾಸರ ಚೀಕಲಪರ್ವಿ ಮಾನ್ವಿ ಸೀಮೆಯದು, ಗೋಪಾಲದಾಸರ ಮೊಸರಕಲ್ಲು ದೇವದುರ್ಗದ್ದು. ಹೀಗೆ ದಾಸರ ಪದ ಮನೆಮನೆಗೆ ತಲುಪಿದ ಈ ನಾಡಿನಲ್ಲಿ ಮೆಣಸಿನಕಾಯಿ ಪರದೇಶಿ ಎಂದರೆ ಇಂದು ಯಾರೂ ಒಪ್ಪಲಾರರು. ದೇವದುರ್ಗದ ಕಡೆ ಚಳಿಗಾಲ ಮುಗಿಯುವ ಹೊತ್ತಿಗೆ ಕಣದಲ್ಲಿ ಕೆಂಪಗೆ ಹರಡಿದ ಕಾಯಿ, ಅದನ್ನು ಚೀಲಕ್ಕೆ ತುಂಬಿ ಬ್ಯಾಡಗಿಯ ಪೇಟೆಗೆ ಹೊರಡುವ ರೈತ, ಇವು ಈ ಸೀಮೆಯ ಬದುಕಿನ ಭಾಗ.

ಕೊರಿಯಾದ ಕಥೆಯೂ ಇದನ್ನೇ ಹೋಲುತ್ತದೆ. ಪೋರ್ಚುಗೀಸರು 1543ರಲ್ಲಿ ಜಪಾನ್ ಮುಟ್ಟಿದರು. 1592ರಿಂದ 1598ರವರೆಗೆ ಜಪಾನಿನ ಸೈನ್ಯ ಬಂದೂಕು ಹಿಡಿದು ಕೊರಿಯಾದ ಮೇಲೆ ದಂಡೆತ್ತಿ ಬಂತು. ಮೆಣಸಿನಕಾಯಿ ಜಪಾನಿನ ದಾರಿಯಲ್ಲಿ ಕೊರಿಯಾಕ್ಕೆ ಬಂದದ್ದು ಆ ಕಾಲದಲ್ಲಿ ಎಂಬುದು ಬಹುಜನ ವಿದ್ವಾಂಸರ ಅಭಿಪ್ರಾಯ. 1614ರಲ್ಲಿ ಯಿ ಸು-ಗ್ವಾಂಗ್ ಎಂಬ ಪಂಡಿತ ತನ್ನ ಗ್ರಂಥದಲ್ಲಿ ಅದನ್ನು ‘ಜಪಾನಿನ ಸಾಸಿವೆ’ ಎಂಬರ್ಥದ ಹೆಸರಿನಿಂದ ಕರೆದಿದ್ದಾನೆ. ಶತ್ರುವಿನ ದೇಶದ ಸಾಸಿವೆ ಎನಿಸಿಕೊಂಡದ್ದು ಇಂದು ಕೊರಿಯಾದ ಅಡುಗೆಯ ಗುರುತೇ ಆಗಿದೆ.

ಇನ್ನು ಮಿರ್ಚಿ ಬಂಡಿಯ ಉಳಿದ ಸಾಮಾನು ನೋಡಿ. ಟೊಮೆಟೊ ಅಮೆರಿಕ ಖಂಡದ್ದು. ವಗ್ಗರಣಿಯಲ್ಲಿ ಅಲ್ಲೊಂದು ಇಲ್ಲೊಂದು ಸಿಗುವ ಶೇಂಗಾ ಕೂಡ ಅಲ್ಲಿಂದಲೇ ಬಂದದ್ದು. ‘ಮಿರ್ಚಿ’ ಎಂಬ ಹೆಸರು ಹಿಂದಿ ಉರ್ದುವಿನಿಂದ ಬಂತು. ಬಂಡಿಯ ಮೇಲೆ ಪೂರಾ ಹಳೆಯ ನೆಲದ್ದು ಎನ್ನಬಹುದಾದದ್ದು ಕಡಲೆ ಹಿಟ್ಟು, ಮಂಡಾಳಿನ ಅಕ್ಕಿ, ಅರಿಸಿನಗಳೇ. ಹೀಗಿರುವಾಗ ಮಿರ್ಚಿಯನ್ನು ನಮ್ಮದಾಗಿಸಿದ್ದು ಅದರ ಹುಟ್ಟೂರಲ್ಲ. ಅದನ್ನು ಬೆಳೆಯುವವರು, ಕರಿಯುವವರು, ತಿನ್ನುವವರು ಇಲ್ಲಿಯವರು ಎಂಬ ಒಂದೇ ಸಂಗತಿ.

1953: ಎರಡು ಊರು, ಎರಡು ಆರಂಭ

ತೊಕ್‌ಬೊಕ್ಕಿ ಮೊದಲಿನಿಂದಲೂ ಕೆಂಪಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಕೊರಿಯನ್ ಪಾಕಗ್ರಂಥವೊಂದರಲ್ಲಿ ಅದು ಸೋಯಾ ರಸದಲ್ಲಿ ಮಾಂಸ, ತರಕಾರಿಗಳ ಜೊತೆ ಬಾಡಿಸಿದ ಅರಮನೆಯ ತಿನಿಸಾಗಿ ಕಾಣುತ್ತದೆ. ಅದು ಬೀದಿಗೆ ಇಳಿದದ್ದು, ಕೆಂಪಾದದ್ದು ಬಡತನದ ಕಾಲದಲ್ಲಿ.

ಕೊರಿಯಾ ಯುದ್ಧಕ್ಕೆ ಕದನವಿರಾಮ ಬಿದ್ದದ್ದು 1953ರ ಜುಲೈ 27ರಂದು. ದೇಶ ಇಬ್ಭಾಗವಾಗಿತ್ತು, ಸೋಲ್ ನಗರ ಬೂದಿಯಾಗಿತ್ತು. ಅದೇ ವರ್ಷ ಆ ನಗರದ ಸಿಂದಾಂಗ್ ಬಡಾವಣೆಯಲ್ಲಿ ಮಾ ಬೊಕ್‌ರಿಮ್ ಎಂಬ ಮಹಿಳೆ ಬೀದಿಬದಿಯಲ್ಲಿ ಒಲೆ ಹೂಡಿ, ಗೊಚುಜಾಂಗಿನಲ್ಲಿ ಕಡುಬು ಕುದಿಸಿ ಮಾರಲು ಕುಳಿತರು. ಚೀನೀ ಹೊಟೇಲೊಂದರಲ್ಲಿ ಕೈತಪ್ಪಿ ಕಡುಬು ಕರಿಯ ಗೊಜ್ಜಿನೊಳಗೆ ಬಿದ್ದು, ಅದರ ರುಚಿ ಹಿಡಿಸಿದ್ದರಿಂದ ಈ ಯೋಚನೆ ಹೊಳೆಯಿತೆಂದು ಅಲ್ಲಿ ಕಥೆ ಹೇಳುತ್ತಾರೆ. ಮಾ ಬೊಕ್‌ರಿಮ್ 2011ರಲ್ಲಿ ತೀರಿಕೊಂಡರು. ಅವರ ಒಲೆಯ ಸುತ್ತ ಬೆಳೆದ ಬೀದಿ ಇಂದು ತೊಕ್‌ಬೊಕ್ಕಿಯ ಪೇಟೆಯೆಂದೇ ಪ್ರಸಿದ್ಧವಾಗಿದೆ.

ಅದೇ 1953 ರಾಯಚೂರು ಜಿಲ್ಲೆಯ ಮಟ್ಟಿಗೂ ದೊಡ್ಡ ವರ್ಷ. 1945ರಲ್ಲಿ ಅಡಿಗಲ್ಲು ಬಿದ್ದಿದ್ದ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಹರಿದದ್ದು ಆ ವರ್ಷ. ಆಗ ರಾಯಚೂರು ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಎಡದಂಡೆ ಕಾಲುವೆ ಕೊಪ್ಪಳ, ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರು ತಾಲ್ಲೂಕುಗಳವರೆಗೆ ಸುಮಾರು 227 ಕಿಲೋಮೀಟರ್ ಸಾಗುತ್ತದೆ. ಯೋಜನೆ ಹಾಕಿದವರ ಲೆಕ್ಕದಲ್ಲಿ ಈ ನೀರು ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆಗಳಿಗಾಗಿ ಇತ್ತು. ಭತ್ತಕ್ಕೆ ಸಣ್ಣ ಪಾಲು ಮಾತ್ರ. ಆದರೆ ನೀರು ಕಂಡ ಕಡೆ ಭತ್ತ ಬಂತು. ಆಂಧ್ರದ ಕರಾವಳಿಯಿಂದ ಗದ್ದೆ ಬೇಸಾಯ ಬಲ್ಲ ರೈತರು ಬಂದು ನೆಲೆಸಿದರು. ಕಾಲುವೆಯುದ್ದಕ್ಕೂ ‘ಕ್ಯಾಂಪು’ ಎಂಬ ಹೆಸರಿನ ಊರುಗಳೆದ್ದವು. ಅಕ್ಕಿ ಗಿರಣಿಗಳ ಚಿಮಣಿಗಳು ಬಂದವು. ಜೋಳದ ರೊಟ್ಟಿಯ ನಾಡು ಅಕ್ಕಿಯ ಕಣಜವಾಯಿತು.

ಅಮೆರಿಕದ ಗೋಧಿ, ತೈವಾನಿನ ಭತ್ತ

ಯುದ್ಧ ಮುಗಿದ ಕೊರಿಯಾದಲ್ಲಿ ಅಕ್ಕಿ ಸಾಲುತ್ತಿರಲಿಲ್ಲ. ಅಮೆರಿಕದಿಂದ ನೆರವಿನ ಗೋಧಿ ಹಡಗುಗಟ್ಟಲೆ ಬಂತು. 1960ರ ದಶಕದಲ್ಲಿ ಅಲ್ಲಿನ ಸರ್ಕಾರ ಅಕ್ಕಿ ಕಡಿಮೆ ತಿನ್ನಿ, ಗೋಧಿ ಹಿಟ್ಟು, ಬೆರಕೆ ಧಾನ್ಯ ತಿನ್ನಿ ಎಂಬ ಚಳವಳಿಯನ್ನೇ ನಡೆಸಿತು. ವಾರದಲ್ಲಿ ಎರಡು ದಿನ ಹೊಟೇಲುಗಳಲ್ಲಿ ಅನ್ನ ಬಡಿಸಬಾರದೆಂಬ ಕಟ್ಟಳೆ ಬಂತು. ಶಾಲೆಗಳಲ್ಲಿ ಉಪಾಧ್ಯಾಯರು ಮಕ್ಕಳ ಬುತ್ತಿ ಬಿಚ್ಚಿ, ಅನ್ನದಲ್ಲಿ ಬಾರ್ಲಿ ಬೆರೆಸಿದ್ದಾರೋ ಇಲ್ಲವೋ ಎಂದು ನೋಡುತ್ತಿದ್ದರು. ಅಗ್ಗದ ಗೋಧಿ ಹಿಟ್ಟಿನಲ್ಲಿ ಮಾಡಿದ ಕಡುಬು ಹೀಗೆ ತೊಕ್‌ಬೊಕ್ಕಿಯ ಬಾಣಲೆ ಸೇರಿತು. ಶಾಲೆ ಬಿಟ್ಟ ಮಕ್ಕಳ ಕೈಗೆಟಕುವ ಬೆಲೆಯ ತಿಂಡಿಯಾಯಿತು. ಇಂದಿಗೂ ಕೊರಿಯಾದಲ್ಲಿ ಇಂಥ ಅಂಗಡಿಗಳ ಹೆಸರು ‘ಬುನ್‌ಸಿಕ್’. ಆ ಪದದ ಅರ್ಥ ಹಿಟ್ಟಿನ ಆಹಾರ.

ಭಾರತದ ಹಿರಿಯರಿಗೆ ಈ ಕಥೆ ಪರಿಚಿತವೇ. ಪಿ.ಎಲ್. 480 ಎಂಬ ಅದೇ ಕಾನೂನಿನ ಅಡಿಯಲ್ಲಿ ಅಮೆರಿಕದ ಗೋಧಿ ಇಲ್ಲಿಗೂ ಬಂತು. 1965ರಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿರೆಂದು ದೇಶಕ್ಕೆ ಕರೆ ಕೊಟ್ಟಾಗ ಸೋಮವಾರ ರಾತ್ರಿ ಒಲೆ ಹಚ್ಚದ ಮನೆಗಳೆಷ್ಟೋ ಇದ್ದವು. ಎರಡೂ ದೇಶಗಳು ಒಂದೇ ಹಡಗುಗಟ್ಟೆಯ ಕಡೆ ಕಣ್ಣು ನೆಟ್ಟು ಕುಳಿತಿದ್ದ ಕಾಲವದು.

ಆ ಹಸಿವಿನಿಂದ ಹೊರಬರಲು ಎರಡೂ ದೇಶಗಳು ಹಿಡಿದ ದಾರಿಯೂ ಒಂದೇ. ‘ತೈಚುಂಗ್ ನೇಟಿವ್ 1’ ಎಂಬುದು ತೈವಾನಿನ ಒಂದು ಗಿಡ್ಡ ಭತ್ತದ ತಳಿ. ಗೊಬ್ಬರ ಹಾಕಿದರೂ ಪೈರು ಮಲಗುವುದಿಲ್ಲ, ತೆನೆ ತುಂಬಿ ಬರುತ್ತದೆ. ಈ ತಳಿಯನ್ನು ಜಪಾನಿನ ತಳಿಯೊಂದರ ಜೊತೆ ಕೂಡಿಸಿ, ಅದನ್ನು ಫಿಲಿಪೀನ್ಸಿನ ಐ.ಆರ್. 8ರ ಜೊತೆ ಸೇರಿಸಿ 1970ರ ದಶಕದ ಆರಂಭದಲ್ಲಿ ಕೊರಿಯಾ ‘ತೊಂಗಿಲ್’ ಎಂಬ ಭತ್ತವನ್ನು ಹೊಲಕ್ಕಿಳಿಸಿತು. 1977ರ ಹೊತ್ತಿಗೆ ಆ ದೇಶ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು. ಜನರಿಗೆ ಮಾತ್ರ ತೊಂಗಿಲ್ ಅಕ್ಕಿ ಹಿಡಿಸಲಿಲ್ಲ. ಅನ್ನಕ್ಕೆ ಜಿಗಿ ಸಾಲದು ಎಂಬುದೇ ಅವರ ದೂರು.

ಭಾರತದಲ್ಲಿ ಅದೇ ತೈಚುಂಗ್ ತಳಿಯಿಂದ ‘ಸೋನಾ’ ಹುಟ್ಟಿತು. ಸೋನಾವನ್ನು ‘ಮಸೂರಿ’ಯ ಜೊತೆ ಕೂಡಿಸಿದಾಗ ಸೋನಾ ಮಸೂರಿ. ಆಂಧ್ರದ ಬಾಪಟ್ಲದಿಂದ 1986ರಲ್ಲಿ ಹೊರಬಂದ ಬಿ.ಪಿ.ಟಿ. 5204 ಎಂಬ ತಳಿಯ ವಂಶದಲ್ಲೂ ಇದೇ ತೈಚುಂಗ್, ಇದೇ ಮಸೂರಿ. ಮಾನ್ವಿ, ಸಿಂಧನೂರು ಗದ್ದೆಗಳ ಹೆಸರನ್ನು ಅಕ್ಕಿಪೇಟೆಗಳಲ್ಲಿ ಎತ್ತಿಹಿಡಿದದ್ದು ಈ ಬಳಗದ ಭತ್ತ. ಮಸೂರಿಯ ಕಥೆ ಇನ್ನೂ ಸ್ವಾರಸ್ಯದ್ದು. 1950ರ ದಶಕದಲ್ಲಿ ಕಟಕ್‌ನ ಭತ್ತ ಸಂಶೋಧನಾ ಕೇಂದ್ರದಲ್ಲಿ ನಮ್ಮ ಕಡೆಯ ಉದ್ದಕಾಳಿನ ಜಾತಿಗೂ ಜಪಾನ್, ಕೊರಿಯಾಗಳ ಕಡೆಯ ದುಂಡುಕಾಳಿನ ಜಾತಿಗೂ ಸಂಬಂಧ ಕೂಡಿಸುವ ಪ್ರಯೋಗ ನಡೆಯಿತು. ಆ ಪ್ರಯೋಗದ ಕೂಸು ಮಸೂರಿ. ಮಲೇಷ್ಯಾದಲ್ಲಿ 1965ರಲ್ಲಿ ಬಿಡುಗಡೆಯಾಗಿ ಅದು ಭಾರತಕ್ಕೆ ಮರಳಿತು. ಅಂದರೆ ರಾಯಚೂರಿನ ಅನ್ನದ ತಟ್ಟೆಗೂ ಕೊರಿಯಾದ ಕಡುಬಿಗೂ ಹಳೆಯ ರಕ್ತಸಂಬಂಧವಿದೆ. ಪೊಟ್ಟಣದ ಮೇಲಿನ ಅಕ್ಷರ ಓದಲು ಬಾರದಿದ್ದರೂ ಒಳಗಿರುವುದು ದೂರದ ನೆಂಟ.

ಮರೆತ ತಟ್ಟೆ

ಇಲ್ಲಿಗೆ ಮಾತು ಮುಗಿಸಿದರೆ ಎಲ್ಲರೂ ನೆಂಟರೆಂದು ಖುಷಿಪಡಬಹುದು. ಆದರೆ ಎರಡು ತಟ್ಟೆಗಳ ನಡುವೆ ಮೂರನೆಯದೊಂದಿದೆ. ಅದು ಜೋಳದ ಕಡುಬಿನ ತಟ್ಟೆ.

ಕುದಿಯುವ ನೀರಿಗೆ ಜೋಳದ ಹಿಟ್ಟು ಹಾಕಿ, ಬಿಸಿಯಾಗಿಯೇ ನಾದಿ, ಸಣ್ಣ ಸಣ್ಣ ಬಿಲ್ಲೆ ತಟ್ಟಿ ಬೇಯಿಸಿ, ಬಳ್ಳೊಳ್ಳಿ, ಉಳ್ಳಾಗಡ್ಡಿ, ಕೆಂಪು ಖಾರದ ಒಗ್ಗರಣೆಯಲ್ಲಿ ಹೊರಳಿಸಿ ಕೊಡುವ ಕಡುಬನ್ನು ಈ ಭಾಗದ ಅಜ್ಜಿಯರು ಬಲ್ಲರು. ಧಾನ್ಯದ ಹಿಟ್ಟು, ಬಿಸಿನೀರಿನ ಜಿಗಿ, ಕೆಂಪು ಖಾರ. ಲಕ್ಷಣದಲ್ಲಿ ಇದು ತೊಕ್‌ಬೊಕ್ಕಿಯ ಸ್ವಂತ ತಂಗಿ. ಜೋಳದ ಹಿಟ್ಟಿಗೆ ಗೋಧಿಯಂತೆ ತಾನಾಗಿ ಹಿಡಿತ ಬರುವುದಿಲ್ಲ. ಕುದಿನೀರು ಬಿದ್ದಾಗ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತದೆ. ಕೊರಿಯಾದವರು ಆವಿಯಲ್ಲಿ ಬೇಯಿಸಿ ಕುಟ್ಟುವಾಗ ಅಕ್ಕಿಯಲ್ಲಿ ನಡೆಯುವುದೂ ಇದೇ. ಎರಡು ದೇಶದ ಹೆಂಗಸರು ಒಬ್ಬರನ್ನೊಬ್ಬರು ಕಾಣದೆ ಒಂದೇ ಶಾಸ್ತ್ರ ಕಂಡುಕೊಂಡರು.

ಆದರೆ ಜೋಳದ ಕಡುಬು ಬಂಡಿಗೆ ಬರಲಿಲ್ಲ. ಮನೆಯೊಳಗೇ ಉಳಿಯಿತು, ಈಗ ಮನೆಯಲ್ಲೂ ಅಪರೂಪವಾಗುತ್ತಿದೆ. ಕಾರಣ ರುಚಿಯಷ್ಟೇ ಅಲ್ಲ. ಹಿಂಗಾರಿ ಬಿಳಿಜೋಳ ಎರೆಭೂಮಿಯ ಬೆಳೆ. ಮಳೆಗಾಲದ ಕೊನೆಗೆ ಬಿತ್ತಿದರೆ ಮಣ್ಣೊಳಗಿನ ಹಸಿ, ಚಳಿಯ ಇಬ್ಬನಿ ಎರಡರಲ್ಲೇ ಬೆಳೆದು ಬರುತ್ತದೆ. ಕಾಲುವೆಯ ಬಾಯಿ ನೋಡುವುದಿಲ್ಲ. ದನಕ್ಕೆ ಕಣಕಿಯೂ ಸಿಗುತ್ತದೆ. ಆದರೆ ನೀರು ಬಂದ ಹೊಲದಲ್ಲಿ ಭತ್ತದ ಲಾಭದ ಮುಂದೆ ಜೋಳ ನಿಲ್ಲಲಿಲ್ಲ. ಪಡಿತರದಲ್ಲಿ ಅಕ್ಕಿ ಸುಲಭವಾಗಿ ಸಿಕ್ಕಿತು. ರೊಟ್ಟಿ ಬಡಿಯುವ ಕೈಗಳಿಗೆ ಅನ್ನ ಇಡುವುದು ಹಗುರವೆನಿಸಿತು.

ಭತ್ತ ನಂಬಿದವರ ಕಷ್ಟ ಮಾನ್ವಿ, ರಾಯಚೂರು ತಾಲ್ಲೂಕುಗಳ ಕೊನೆಯಂಚಿನ ರೈತರಿಗೆ ಗೊತ್ತು. ಮೇಲಿನವರು ನಾಟಿ ಮುಗಿಸಿದರೂ ಕೆಳಗಿನ ಉಪಕಾಲುವೆ ಒಣಗಿಯೇ ಇರುತ್ತದೆ. ನೀರಿಗಾಗಿ ರಸ್ತೆ ತಡೆ ಪ್ರತಿ ಹಂಗಾಮಿನ ಸುದ್ದಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಒಂದು ಗೇಟಿನ ಮೇಲೆ ಎಷ್ಟು ಮನೆಗಳ ಒಲೆ ನಿಂತಿದೆ ಎಂಬುದು ಎಲ್ಲರಿಗೂ ಅರಿವಾಯಿತು. ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆಯನ್ನು ನಂಬಿದ ದೇವದುರ್ಗದವರ ಚಿಂತೆಯೂ ಬೇರೆಯಲ್ಲ.

ಕೊರಿಯಾ ಮಾಡಿದ್ದು

ಕೊರಿಯಾಕ್ಕೂ ಇಂಥದೇ ಒಂದು ತಲೆನೋವು, ಉಲ್ಟಾ ದಿಕ್ಕಿನಲ್ಲಿ ಬಂತು. ಜನ ಶ್ರೀಮಂತರಾದಂತೆ ಅನ್ನ ತಿನ್ನುವುದು ಕಡಿಮೆಯಾಯಿತು. 1970ರಲ್ಲಿ ವರ್ಷಕ್ಕೆ ತಲೆಗೆ ಸುಮಾರು 136 ಕಿಲೋ ಅಕ್ಕಿ ತಿನ್ನುತ್ತಿದ್ದವರು 2023ರಲ್ಲಿ ತಿಂದದ್ದು ಸುಮಾರು 56 ಕಿಲೋ. ಅಕ್ಕಿ ತಿನ್ನಬೇಡಿ ಎಂದು ಮಕ್ಕಳ ಬುತ್ತಿ ಬಿಚ್ಚಿ ನೋಡುತ್ತಿದ್ದ ದೇಶದಲ್ಲಿ, ಬೆಳೆದ ಅಕ್ಕಿಯನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಿತು.

ಆಗ ಅವರ ಕಣ್ಣಿಗೆ ಬಿದ್ದದ್ದು ಬೀದಿಯ ತಿಂಡಿ. ಗೋಧಿ ಹಿಟ್ಟಿನಿಂದ ಬೆಳೆದ ತೊಕ್‌ಬೊಕ್ಕಿಯನ್ನು ಮತ್ತೆ ಅಕ್ಕಿಗೆ ತಿರುಗಿಸಿ, ಹೊರದೇಶಗಳಿಗೂ ಕಳಿಸುವ ಯೋಚನೆ ಮಾಡಿದರು. 2009ರಲ್ಲಿ ಅದಕ್ಕೆಂದೇ ಒಂದು ತೊಕ್‌ಬೊಕ್ಕಿ ಸಂಶೋಧನಾ ಸಂಸ್ಥೆ ತೆರೆಯಿತು. ಬೀದಿ ತಿಂಡಿಗೆ ಸಂಶೋಧನಾ ಸಂಸ್ಥೆಯೇ ಎಂದು ನಗಬಹುದು. ಆದರೆ ತಣ್ಣಗಾದರೆ ಕಲ್ಲಾಗುವ ಕಡುಬನ್ನು ತಿಂಗಳುಗಟ್ಟಲೆ ಮೆತ್ತಗೆ ಇಡುವುದು ಹೇಗೆ, ಖಾರ ತಿನ್ನದವರಿಗೆ ಅದನ್ನು ಒಗ್ಗಿಸುವುದು ಹೇಗೆ, ಇವೆಲ್ಲ ನಿಜವಾದ ಪ್ರಶ್ನೆಗಳು. ಪೊಟ್ಟಣದಲ್ಲಿ ಅಷ್ಟು ದೂರ ಬಂದ ಕಡುಬು ಬಿಸಿನೀರಿನಲ್ಲಿ ಮತ್ತೆ ಮೆತ್ತಗಾಗುವುದರ ಹಿಂದೆ ಇಂಥ ಕೆಲಸವಿದೆ. ಧಾರಾವಾಹಿಯ ನಾಯಕಿಯ ಮುಗುಳ್ನಗೆಯಷ್ಟರಿಂದಲೇ ಒಂದು ತಿನಿಸು ಸಮುದ್ರ ದಾಟುವುದಿಲ್ಲ.

ರಾಯಚೂರಿನಲ್ಲಿ 2009ರಿಂದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಭಾರತದ ಸೂಚನೆಯಂತೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಜೋಳವೂ ಆ ಪಟ್ಟಿಯಲ್ಲಿತ್ತು. ವೇದಿಕೆಯ ಮೇಲೆ ಜೋಳದ ಹೊಗಳಿಕೆ ಸಾಕಷ್ಟು ನಡೆದಿದೆ. ಇನ್ನು ಅದು ಬಂಡಿಯ ಮೇಲೆ ಬರಬೇಕು. ಸಂಜೆ ಐದಕ್ಕೆ, ಮಿರ್ಚಿಯ ಪಕ್ಕದಲ್ಲಿ, ಮಿರ್ಚಿಯ ಬೆಲೆಗೆ. ಹುಡುಗರು ನಿಂತು ತಿನ್ನುವ ತಿನಿಸಾದರೆ ಜೋಳಕ್ಕೆ ಗಿರಾಕಿ ಹುಟ್ಟುತ್ತದೆ. ಗಿರಾಕಿ ಇದ್ದರೆ ಕಾಲುವೆಯ ಕೊನೆಯಂಚಿನ ರೈತನಿಗೆ ಜೋಳ ಬಿತ್ತುವ ಧೈರ್ಯ ಬರುತ್ತದೆ.

ರುಚಿ ನೋಡುವವರಿಗೆ

ಅಲ್ಲಿಯವರೆಗೆ ತೊಕ್‌ಬೊಕ್ಕಿಯ ರುಚಿ ನೋಡಬೇಕೆನ್ನುವವರು ಅವಶ್ಯವಾಗಿ ನೋಡಲಿ. ಎರಡು ಎಚ್ಚರಿಕೆ ಮಾತ್ರ ಬೇಕು. ಕೊರಿಯಾದ ಬೀದಿಯಲ್ಲಿ ಇದರ ಸಾರು ಸಾಮಾನ್ಯವಾಗಿ ಒಣ ಮೀನಿನದು, ಜೊತೆಗೆ ಮೀನಿನ ಹಿಟ್ಟಿನ ಹಪ್ಪಳದಂಥ ತುಂಡುಗಳೂ ಇರುತ್ತವೆ. ಸಸ್ಯಾಹಾರಿಗಳು ಪೊಟ್ಟಣದ ಮೇಲಿನ ಹಸಿರು ಗುರುತು ನೋಡಿಯೇ ಕೊಳ್ಳಬೇಕು. ಇನ್ನೊಂದು, ಈ ಕಡುಬು ಅಂಟು. ಚಿಕ್ಕ ಮಕ್ಕಳಿಗೆ, ಹಲ್ಲಿಲ್ಲದ ಹಿರಿಯರಿಗೆ ಕೊಡುವಾಗ ಸಣ್ಣಗೆ ಕತ್ತರಿಸಿ ಕೊಡಬೇಕು. ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವುಂಟು.

ಮನೆಯಲ್ಲೇ ಮಾಡುವುದಾದರೆ ಎರಡು ಬಟ್ಟಲು ಅಕ್ಕಿ ಹಿಟ್ಟಿಗೆ ಉಪ್ಪು ಹಾಕಿ, ಕುದಿಯುವ ನೀರನ್ನು ಸ್ವಲ್ಪ ಸ್ವಲ್ಪವೇ ಸುರಿದು, ಕೈ ತಾಳುವಷ್ಟು ಬಿಸಿಯಿರುವಾಗಲೇ ಚೆನ್ನಾಗಿ ನಾದಬೇಕು. ಬೆರಳಿನಂತೆ ಹೊಸೆದು ಆವಿಯಲ್ಲಿ ಬೇಯಿಸಬೇಕು. ಸೋನಾ ಮಸೂರಿಯ ಹಿಟ್ಟಿಗೆ ಕೊರಿಯಾದ ಅಕ್ಕಿಯಷ್ಟು ಜಿಗಿ ಇಲ್ಲ. ಹಾಗೆಯೇ ಮಾಡಿದರೆ ಕಡುಬು ಎಳೆಯುವ ಬದಲು ಮುರಿಯುತ್ತದೆ. ಒಂದೆರಡು ಚಮಚ ಸಾಬೂದಾನಿಯ ಹಿಟ್ಟು ಬೆರೆಸಿದರೆ ಹಿಡಿತ ಬರುತ್ತದೆ. ಗೊಚುಜಾಂಗ್ ಸಿಗದಿದ್ದರೆ ಎರಡು ಚಮಚ ರಂಜಕ, ಒಂದು ತುಂಡು ಬೆಲ್ಲ, ಜಜ್ಜಿದ ಬಳ್ಳೊಳ್ಳಿ, ಸ್ವಲ್ಪ ಸೋಯಾ ರಸ ಸಾಕು. ನೀರು ಹಾಕಿ ಕುದಿಸಿ, ಕಡುಬು ಬಿಟ್ಟು, ಗೊಜ್ಜು ಗಟ್ಟಿಯಾಗುವವರೆಗೆ ಏಳೆಂಟು ನಿಮಿಷ ಇಡಬೇಕು. ಬ್ಯಾಡಗಿ ಕಾಯಿಯ ರಂಜಕವಾದರೆ ಬಣ್ಣ ಹೆಚ್ಚು, ಖಾರ ಮಿತ. ಕೊರಿಯಾದ ಮೆಣಸಿನಪುಡಿಯ ಗುಣವೂ ಅದೇ.

ಮರುದಿನ ಅದೇ ಗೊಜ್ಜಿನಲ್ಲಿ ಜೋಳದ ಕಡುಬು ಹೊರಳಿಸಿ ನೋಡಬಹುದು. ಮೊಬೈಲು ಹಿಡಿದ ಮೊಮ್ಮಗಳಿಗೂ ಒಲೆಯ ಮುಂದಿನ ಅಜ್ಜಿಗೂ ಆ ತಟ್ಟೆಯ ಮೇಲೆ ಮಾತಿಗೆ ವಿಷಯ ಸಿಗುತ್ತದೆ. ಪರದೇಶದ್ದು ಯಾಕೆ ಎಂದು ಕೇಳಿದ ಹಿರಿಯರಿಗೂ ಅಲ್ಲಿ ಒಂದು ಉತ್ತರ ಇರುತ್ತದೆ. ಮೆಣಸಿನಕಾಯಿ ಪರದೇಶದಿಂದ ಬಂದು ನಮ್ಮದಾಯಿತು. ಜೋಳ ನಮ್ಮಲ್ಲೇ ಇದ್ದು ಪರದೇಶಿಯಾಗದಿರಲಿ.